ಬೆಟ್ಟದೂರಿಗೆ ಅತಿಥಿಯಾಗಿ ಹೋಗುವ ಮುನ್ನ: ಉತ್ತರ ವಿಯೆಟ್ನಾಂ ಹಳ್ಳಿವಾಸದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ವಿಯೆಟ್ನಾಂ ಸರ್ಕಾರ ಅಧಿಕೃತವಾಗಿ ಗುರುತಿಸಿರುವ ಜನಾಂಗಗಳು 54. ಬಹುಸಂಖ್ಯಾತ ಕಿನ್ ಜನಾಂಗವೊಂದೇ ಸುಮಾರು ಶೇ 85ರಷ್ಟಿದೆ. ಉಳಿದ 53ರಲ್ಲಿ ಹ್ಮಾಂಗ್, ಝಾವ್, ತಾಯ್, ಥಾಯ್, ಝೈ ಮುಂತಾದವರ ಊರುಗಳು ಹನೋಯ್‌ನಿಂದ ಉತ್ತರ ಮತ್ತು ಪಶ್ಚಿಮದ ಬೆಟ್ಟಗಳಲ್ಲಿವೆ. ಈ ಬಾರಿ ಬಂದ ಪ್ರಶ್ನೆಗಳೆಲ್ಲ ಆ ಊರುಗಳಲ್ಲಿ ತಂಗುವುದರ ಬಗ್ಗೆಯೇ ಇವೆ.

ಪ್ರಶ್ನೆ: ಬೆಟ್ಟದ ಪಟ್ಟಣ ಸಾ ಪಾ ಹತ್ತಿರದ ತಾ ವಾನ್‌ನಲ್ಲಿ ಎರಡು ರಾತ್ರಿ ತಂಗಲು ಹೋಮ್‌ಸ್ಟೇ ಹುಡುಕುತ್ತಿದ್ದೇವೆ. ಕಂಡದ್ದೆಲ್ಲವೂ ‘ಸಮುದಾಯ ಆಧಾರಿತ’ ಎಂದೇ ಹೇಳಿಕೊಳ್ಳುತ್ತಿವೆ. ನಿಜವಾಗಿ ಊರಿನವರದ್ದು ಯಾವುದೆಂದು ಇಲ್ಲಿಂದಲೇ ತಿಳಿಯುವುದು ಹೇಗೆ?

ವಿಯೆಟ್ನಾಂನ 2017ರ ಪ್ರವಾಸೋದ್ಯಮ ಕಾನೂನು ಸಮುದಾಯ ಪ್ರವಾಸೋದ್ಯಮಕ್ಕೆ ಅರ್ಥ ಕೊಟ್ಟಿದೆ. ಊರಿನ ಸಂಸ್ಕೃತಿಯ ಆಧಾರದ ಮೇಲೆ ಬೆಳೆದದ್ದು, ಊರಿನವರೇ ನಿರ್ವಹಿಸುವುದು, ಊರಿನವರೇ ನಡೆಸುವುದು, ಲಾಭವನ್ನೂ ಅವರೇ ಪಡೆಯುವುದು. ಈ ಅಳತೆಗೋಲು ಹಿಡಿದರೆ ಸಾ ಪಾ ಸುತ್ತಲಿನ ಎಷ್ಟೋ ‘ಹೋಮ್‌ಸ್ಟೇ’ಗಳು ಬರೀ ವಸತಿಗೃಹಗಳು. ಹೊರಗಿನವರು ಝೈ ಅಥವಾ ಹ್ಮಾಂಗ್ ಕುಟುಂಬದಿಂದ ಜಾಗವನ್ನು ಹಲವು ವರ್ಷಗಳ ಗುತ್ತಿಗೆಗೆ ಪಡೆದು ಕಟ್ಟಿ ನಡೆಸುತ್ತಾರೆ, ಮನೆಯೊಡೆಯರಿಗೆ ಬರುವುದು ನಿಗದಿತ ಬಾಡಿಗೆ ಮಾತ್ರ. ಅಲ್ಲಿ ತಂಗುವುದು ತಪ್ಪೇನಲ್ಲ. ಊರಿಗೆ ನೆರವಾಗುತ್ತಿದ್ದೇವೆಂದು ನಂಬಿ ಹಣ ಕೊಡುವುದು ಮಾತ್ರ ಬೇಡ.

ಕಾದಿರಿಸುವ ಮೊದಲು ಕೆಲವು ಪ್ರಶ್ನೆ ಬರೆದು ಕಳಿಸಿ. ರಾತ್ರಿ ಆ ಮನೆಯಲ್ಲಿ ಮಲಗುವವರು ಯಾರು, ಅಡುಗೆ ಮಾಡುವವರು ಯಾರು? ಕಟ್ಟಡ ಸ್ವಂತದ್ದೋ ಗುತ್ತಿಗೆಯದ್ದೋ? ಒಂದು ರಾತ್ರಿಗೆ ಹೆಚ್ಚೆಂದರೆ ಎಷ್ಟು ಅತಿಥಿಗಳು? ಊರಿನ ನಿಧಿಗೆ ಏನಾದರೂ ಸಲ್ಲುತ್ತದೆಯೇ, ಅದರ ಲೆಕ್ಕ ಎಲ್ಲಿದೆ? ಕೊನೆಗೆ, ವರ್ಷದಲ್ಲಿ ಯಾವ ದಿನಗಳಲ್ಲಿ ಅತಿಥಿಗಳನ್ನು ಕರೆಯುವುದಿಲ್ಲ?

ಹೆಚ್ಚು ಹೇಳುವುದು ಈ ಕೊನೆಯ ಪ್ರಶ್ನೆ. ನಿಜವಾದ ಮನೆಯಲ್ಲಿ ಹೊಸ ವರ್ಷ ಇರುತ್ತದೆ, ಸಾವು ಇರುತ್ತದೆ, ನಾಟಿಯ ವಾರ ಇರುತ್ತದೆ. ‘ಆ ಸಮಯದಲ್ಲಿ ಬರಬೇಡಿ’ ಎನ್ನುವವರು ತಮ್ಮ ಮನೆಯ ಮೇಲಿನ ಹಿಡಿತ ಕಳೆದುಕೊಂಡಿಲ್ಲ. ಬೇಡ ಎನ್ನುವ ಹಕ್ಕು ಊರಿನ ಕೈಯಲ್ಲಿ ಇದೆಯೇ ಎಂಬುದನ್ನೇ ನಾವು ಮೊದಲು ನೋಡುತ್ತೇವೆ.

ತಲುಪಿದ ಮೇಲೆ ಮನೆಯವರು ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಡಿ. ವಿದೇಶಿಯರ ವಾಸ್ತವ್ಯವನ್ನು ಅವರು ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ಕೇಳದೇ ಇರುವ ಮನೆಯ ಬಗ್ಗೆಯೇ ಎಚ್ಚರ ಬೇಕು. ಇನ್ನೊಂದು ಮಾತು: 2025ರ ಜುಲೈ 1ರಿಂದ ಪ್ರಾಂತ್ಯಗಳ ವಿಲೀನವಾಗಿ ಹಾ ಝಾಂಗ್ ಈಗ ತುಯೆನ್ ಕ್ವಾಂಗ್‌ಗೂ, ಮಾಯ್ ಚಾವ್ ಕಣಿವೆ ಇರುವ ಹೋವಾ ಬಿನ್ ಈಗ ಫು ಥೋಗೂ ಸೇರಿವೆ. ವಿಳಾಸ ಎರಡು ಬಗೆಯಲ್ಲಿ ಕಂಡರೆ ಕಾರಣ ಇದು.

ಪ್ರಶ್ನೆ: ಹದಿನೆಂಟು ಜನರ ತಂಡವನ್ನು ಸೆಪ್ಟೆಂಬರ್‌ನಲ್ಲಿ ಹ್ಮಾಂಗ್ ಹಳ್ಳಿಯೊಂದಕ್ಕೆ ಎರಡು ರಾತ್ರಿಗೆ ಕರೆದೊಯ್ಯುವ ಯೋಚನೆಯಿದೆ. ಹನೋಯ್‌ನ ಏಜೆನ್ಸಿಯೊಂದು ತಲಾ ಲೆಕ್ಕದಲ್ಲಿ ಒಟ್ಟು ಮೊತ್ತ ಹೇಳಿದೆ. ಊರಿಗೆ ಹೊರೆಯಾಗದಂತೆ ಹೇಗೆ ಯೋಜಿಸಬೇಕು?

ಮೊದಲು ತಂಡವನ್ನು ಒಡೆಯಿರಿ. ಸಾಮಾನ್ಯ ಹ್ಮಾಂಗ್ ಮನೆಯ ಒಲೆ, ನೀರಿನ ಪೈಪು, ಶೌಚಾಲಯದ ಗುಂಡಿ ಎಲ್ಲವೂ ಒಂದು ಕುಟುಂಬಕ್ಕೆಂದು ಆದವು. ಮನೆಗೆ ಆರು ಜನರಂತೆ ಮೂರು ಮನೆ ಹಿಡಿಯಿರಿ. ಎಲ್ಲರೂ ಒಂದೇ ಕಡೆ ಇರಬೇಕೆಂದು ಹಟ ಹಿಡಿದರೆ ಏನಾಗುತ್ತದೆಂದು ಬೇರೆ ಊರುಗಳಲ್ಲಿ ಕಂಡಾಗಿದೆ: ಒಬ್ಬರು ಸಾಲ ಮಾಡಿ ದೊಡ್ಡ ಸಿಮೆಂಟಿನ ಹಾಲ್ ಕಟ್ಟುತ್ತಾರೆ, ಮುಂದಿನ ತಂಡಗಳೆಲ್ಲ ಅಲ್ಲಿಗೇ ಹೋಗುತ್ತವೆ, ಉಳಿದ ಮನೆಗಳು ಖಾಲಿ ಕೂರುತ್ತವೆ.

ಏಜೆನ್ಸಿಯಿಂದ ಒಟ್ಟು ಮೊತ್ತವಲ್ಲ, ಬಿಡಿ ಲೆಕ್ಕ ಕೇಳಿ. ವಾಹನ, ಮಾರ್ಗದರ್ಶಿ, ಮನೆಗೆ ಸಲ್ಲುವ ವಸತಿ, ಊಟ, ಊರ ನಿಧಿ, ಏಜೆನ್ಸಿಯ ಪಾಲು, ಒಂದೊಂದೂ ಬೇರೆ ಸಾಲಿನಲ್ಲಿರಲಿ. ಅದೇ ಮೊತ್ತವನ್ನು ಮನೆಯವರ ಬಾಯಿಂದಲೂ ಕೇಳಿ ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಏಜೆನ್ಸಿ ಬದಲಿಸಿ. ಮೂರೂ ಮನೆಗೆ ಒಂದೇ ದರ ಇರಲಿ. ಒಂದು ಮನೆಯ ಜೊತೆ ಚೌಕಾಸಿ ಮಾಡಿ ಇಳಿಸಿದರೆ ಪಕ್ಕದವರೂ ಇಳಿಸಬೇಕಾಗುತ್ತದೆ, ಮುಂದಿನ ವರ್ಷ ಆ ಇಳಿದ ದರವೇ ಊರಿನ ದರ. ನಮ್ಮ ಸಲಹೆ: ಮೂರನೇ ಒಂದು ಭಾಗ ಮುಂಗಡ, ಉಳಿದದ್ದು ಹೊರಡುವ ಬೆಳಿಗ್ಗೆ ಮನೆಯವರ ಕೈಗೇ. ಏಜೆನ್ಸಿ ‘ತಿಂಗಳ ಕೊನೆಗೆ ಕೊಡುತ್ತೇವೆ’ ಎಂದರೆ, ನೀವು ತಿಂದ ಕೋಳಿ, ಅಕ್ಕಿಗೆ ಆ ಕುಟುಂಬವೇ ಬಂಡವಾಳ ಹಾಕಿದಂತಾಯಿತು. ಖಚಿತ ಸಂಖ್ಯೆಯನ್ನು ಒಂದು ವಾರ ಮೊದಲೇ ತಿಳಿಸಿ. ಆಮೇಲೆ ಯಾರಾದರೂ ಬರದಿದ್ದರೂ ಅವರ ಊಟದ ಹಣ ಕೊಡಿ.

ಊರ ನಿಧಿ ಶೇಕಡಾ ಲೆಕ್ಕದಲ್ಲಿದ್ದರೆ ಬಹಳ ಕಡೆ ಕೆಡುತ್ತದೆ. ಬಿಲ್ ಎಷ್ಟೆಂದು ಮನೆಯವರು ಕಡಿಮೆ ಹೇಳಿದರೆ ನಿಧಿಗೂ ಕಡಿಮೆ, ಅಲ್ಲಿಂದ ಅನುಮಾನ ಶುರು. ತಲೆಗೆ, ರಾತ್ರಿಗೆ ಇಂತಿಷ್ಟು ಎಂಬ ನಿಗದಿ ಮೊತ್ತ ಒಳ್ಳೆಯದು, ಅತಿಥಿಗಳ ಸಂಖ್ಯೆಯನ್ನು ಯಾರೂ ಮುಚ್ಚಿಡಲಾಗದು. ಉದಾಹರಣೆಗೆ ರಾತ್ರಿಗೆ ತಲೆಗೆ 20,000 ಡಾಂಗ್ (ವಿಯೆಟ್ನಾಂ ಹಣ) ಎಂದಿಟ್ಟುಕೊಂಡರೆ ನಿಮ್ಮ ಹದಿನೆಂಟು ಜನ ಎರಡು ರಾತ್ರಿಗೆ 7,20,000 ಡಾಂಗ್ ಕೊಡುತ್ತೀರಿ. ಅದು ಒಂದು ಪುಸ್ತಕದಲ್ಲಿ ದಾಖಲಾಗಬೇಕು, ಇಬ್ಬರ ಸಹಿ ಬೀಳಬೇಕು, ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿದ್ದರೆ ಒಳಿತು, ಮೊತ್ತ ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಏರಬೇಕು. ಹಣ ಮುಖ್ಯಸ್ಥರೊಬ್ಬರ ಬಳಿಯೇ ಉಳಿದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ನಿಧಿ ಹೆಚ್ಚು ಕಾಲ ಬಾಳುವುದಿಲ್ಲ. ಖರ್ಚು ಕಾಣದ ನಿಧಿಗೆ ಜನ ಕೊಡುವುದನ್ನೇ ನಿಲ್ಲಿಸುತ್ತಾರೆ.

ಯಾವ ಮನೆಗೆ ಅತಿಥಿಗಳು ಎಂಬುದಕ್ಕೆ ಸರದಿ ಪದ್ಧತಿ ಇದ್ದರೆ ಅದನ್ನು ಮುರಿಯಬೇಡಿ. ‘ಇಂಟರ್ನೆಟ್‌ನಲ್ಲಿ ನೋಡಿದ ಆ ಮನೆಯೇ ಬೇಕು’ ಎಂದರೆ ಇಡೀ ಸರದಿ ಏರುಪೇರಾಗುತ್ತದೆ. ಸರದಿಗೂ ಒಂದು ದೋಷವಿದೆ: ಹೇಗಿದ್ದರೂ ಜನ ಬರುತ್ತಾರೆಂದು ಕೆಲವರು ಶೌಚಾಲಯ ತೊಳೆಯುವುದನ್ನೂ ಬಿಡುತ್ತಾರೆ. ಆದ್ದರಿಂದ ಕನಿಷ್ಠ ಮಟ್ಟ ಮುಟ್ಟಿದ ಮನೆಗೆ ಮಾತ್ರ ಸರದಿ ಎಂಬ ನಿಯಮ ಬೇಕು. ಸ್ವಚ್ಛ ಹಾಸಿಗೆ, ಸೊಳ್ಳೆ ಪರದೆ, ಕುದಿಸಿದ ನೀರು, ಸಾಬೂನು, ಬೀಗವಿರುವ ಶೌಚಾಲಯ, ಇಷ್ಟು ಸಾಕು. ಮನೆಯೇ ಚಿಕ್ಕದಾದ ಬಡವರಿಗೆ ಈ ಸರದಿಯಲ್ಲಿ ಜಾಗವಿರುವುದಿಲ್ಲ ಎಂಬುದನ್ನು ಮರೆಯಬಾರದು. ತರಕಾರಿ ಅವರಿಂದ ಬರಲಿ, ಸಾಮಾನು ಹೊರುವ ಕೆಲಸ ಅವರಿಗಿರಲಿ. ನೆರೆಯ ಲಾವೋಸ್‌ನ ಲುವಾಂಗ್ ನಮ್‌ಥಾದಲ್ಲಿ 1999ರಲ್ಲಿ ಯುನೆಸ್ಕೊ ನೆರವಿನಿಂದ ಶುರುವಾದ ನಾಮ್ ಹಾ ಯೋಜನೆಯಲ್ಲಿ ತಂಡದ ಗಾತ್ರಕ್ಕೆ ಮಿತಿ, ಊರಿನವರೇ ಮಾರ್ಗದರ್ಶಿಗಳು, ಊರ ನಿಧಿಗೆ ಪಾಲು, ಎಲ್ಲವನ್ನೂ ಒಟ್ಟಿಗೆ ಹೆಣೆದಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ನಿಲ್ಲುವುದಿಲ್ಲ.

ವಿಯೆಟ್ನಾಂನಲ್ಲಿ ಮಾರ್ಗದರ್ಶಿಗಳಿಗೆ ಮೂರು ಬಗೆಯ ಕಾರ್ಡ್ ಇದೆ: ಅಂತರರಾಷ್ಟ್ರೀಯ, ದೇಶೀಯ, ಸ್ಥಳಕ್ಕೆ ಸೀಮಿತ. ಜೊತೆ ಬರುವವರ ಬಳಿ ಯಾವ ಕಾರ್ಡ್ ಇದೆ ಎಂದು ಕೇಳಿ. ಏಜೆನ್ಸಿಯ ಮಾರ್ಗದರ್ಶಿಯ ಜೊತೆಗೆ ಊರಿನ ಹೆಂಗಸರೂ ಬೆಟ್ಟ ಹತ್ತಿ ಬರುತ್ತಾರೆ, ಜಾರುವಲ್ಲಿ ಕೈ ಹಿಡಿಯುತ್ತಾರೆ, ಕೊನೆಗೆ ಬುಟ್ಟಿ ತೆರೆದು ಏನಾದರೂ ಕೊಳ್ಳಿ ಎನ್ನುತ್ತಾರೆ. ದಿನವಿಡೀ ದುಡಿದದ್ದಕ್ಕೆ ಅವರಿಗಿರುವ ಸಂಬಳ ಆ ವ್ಯಾಪಾರವೊಂದೇ. ನಿಮ್ಮ ತಂಡಕ್ಕೆ ಅವರು ಬೇಕಿದ್ದರೆ ದಿನಗೂಲಿ ಮೊದಲೇ ಗೊತ್ತು ಮಾಡಿ. ಬೇಡವಾದರೆ ಹೊರಡುವಾಗಲೇ ನಯವಾಗಿ ಹೇಳಿ, ಅರ್ಧ ದಾರಿಯಲ್ಲಲ್ಲ.

ಇನ್ನು ಸೆಪ್ಟೆಂಬರ್. ಸಾ ಪಾ ಎತ್ತರದಲ್ಲಿ ಚಳಿಯಿಂದಾಗಿ ವರ್ಷಕ್ಕೆ ಒಂದೇ ಭತ್ತದ ಬೆಳೆ. ಮೇ-ಜೂನ್‌ನಲ್ಲಿ ನಾಟಿ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ಮೆಟ್ಟಿಲು ಗದ್ದೆಗಳು ಬಂಗಾರದ ಬಣ್ಣಕ್ಕೆ ತಿರುಗಿ ಪ್ರವಾಸಿಗರು ನುಗ್ಗುವ ವಾರಗಳೇ ಆ ಮನೆಯಲ್ಲಿ ಎಲ್ಲ ಕೈಗಳೂ ಗದ್ದೆಗೆ ಬೇಕಾದ ವಾರಗಳು. ಹೋಗಬಾರದೆಂದಲ್ಲ. ಊಟದ ಹೊತ್ತು ಅವರ ಅನುಕೂಲಕ್ಕಿರಲಿ, ಎರಡು ಬಗೆಯ ಪಲ್ಯ ಸಾಕೆಂದು ಮೊದಲೇ ತಿಳಿಸಿ. ಫೋಟೊಗಾಗಿ ಬದುವಿನ ಮೇಲೆ ಹತ್ತಬೇಡಿ. ಅದು ಬರೀ ಮಣ್ಣಿನದು. ಅಂಚು ಕುಸಿದರೆ ಆ ಗದ್ದೆಯ ನೀರು ಕೆಳಗಿನದಕ್ಕೆ ನುಗ್ಗಿ ಅದರ ಬದುವನ್ನೂ ಒಡೆಯುತ್ತದೆ. ಹದಿನೆಂಟು ಜೋಡಿ ಬೂಟುಗಳಿಗೆ ಅಷ್ಟು ಹಾನಿ ಮಾಡುವುದು ಕಷ್ಟವಲ್ಲ.

ಕಸ ಒಯ್ಯುವ ವಾಹನ ಬಾರದ ಊರುಗಳಲ್ಲಿ ಪ್ಲಾಸ್ಟಿಕ್ ಒಲೆಗೋ ಹೊಳೆಗೋ ಹೋಗುತ್ತದೆ. ಬಾಟಲಿ ನೀರಿನ ಬದಲು ಕುದಿಸಿದ ನೀರು ತುಂಬಿಕೊಳ್ಳಿ. ತಂದ ಪೊಟ್ಟಣ, ಬ್ಯಾಟರಿ, ಸ್ಯಾನಿಟರಿ ಪ್ಯಾಡ್‌ಗಳನ್ನು ಪಟ್ಟಣಕ್ಕೆ ವಾಪಸ್ ಒಯ್ಯಲು ತಂಡಕ್ಕೆರಡು ಗಟ್ಟಿ ಚೀಲ ಇರಲಿ.

ಪ್ರಶ್ನೆ: ಚಿಕ್ಕ ಮಕ್ಕಳು ಕೈಬಳೆ ಹಿಡಿದು ಬೆನ್ನು ಹತ್ತುತ್ತಾರಂತೆ. ಕೊಳ್ಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಚಾಕೊಲೇಟ್, ಪೆನ್ನು ಕೊಡಬಹುದೇ?

ಬೇಡ. ಮಗು ತರುವ ಹಣ ದೊಡ್ಡವರು ತರುವುದಕ್ಕಿಂತ ಹೆಚ್ಚಾದ ದಿನ ಆ ಮಗು ಶಾಲೆಗೆ ಹೋಗುವುದಿಲ್ಲ. ಅದೇ ಬಳೆಯನ್ನು ಅದರ ತಾಯಿಯಿಂದಲೋ ಅಜ್ಜಿಯಿಂದಲೋ ಕೊಳ್ಳಿ. ಪುಸ್ತಕ, ಬೆಚ್ಚನೆಯ ಬಟ್ಟೆ ಕೊಡುವ ಆಸೆಯಿದ್ದರೆ ಶಾಲೆಯ ಮುಖ್ಯ ಶಿಕ್ಷಕರಿಗೆ ಏನು ಬೇಕೆಂದು ಕೇಳಿ ಅವರ ಕೈಗೇ ಕೊಡಿ. ಸಿಹಿ ಹಂಚಿ ಹೊರಟುಬಿಡುವ ನಮಗೆ ಗೊತ್ತಾಗುವುದಿಲ್ಲ, ಹಲ್ಲುನೋವು ಬಂದರೆ ಆ ಮಗುವಿಗೆ ಹಲ್ಲಿನ ವೈದ್ಯರು ಬಹಳ ದೂರ. ಹೆಣ್ಣುಮಕ್ಕಳ ಮುಖ, ಹೆಸರು, ಊರು ಮೂರೂ ತಿಳಿಯುವಂತೆ ಫೋಟೊ ಹಾಕಲೇಬೇಡಿ. ಈ ಗಡಿಭಾಗದಿಂದ ಹುಡುಗಿಯರನ್ನು ಚೀನಾಕ್ಕೆ ಸಾಗಿಸಿ ಮಾರುವ ಪಿಡುಗು ಇದೆ, ಸಾಗಿಸುವವರು ಪರಿಚಯ ಬೆಳೆಸುವುದು ಸಾಮಾಜಿಕ ಜಾಲತಾಣದಲ್ಲೂ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮದ್ಯವನ್ನೂ ಮುಟ್ಟುವುದಿಲ್ಲ. ಮನೆಯವರಿಗೆ ಬೇಸರವಾಗದಂತೆ ಹೇಗೆ ಹೇಳುವುದು?

‘ಅನ್ ಚಾಯ್’ ಎಂದರೆ ವಿಯೆಟ್ನಾಮೀಸ್‌ನಲ್ಲಿ ಸಸ್ಯಾಹಾರ. ಆದರೆ ಆ ಮಾತು ಬೌದ್ಧರ ರೂಢಿಯಿಂದ ಬಂದದ್ದು, ಹ್ಮಾಂಗ್ ಮನೆಯ ಹಿರಿಯರಿಗೆ ಅದರ ಅರ್ಥ ಸ್ಪಷ್ಟವಾಗಿರಬೇಕೆಂದಿಲ್ಲ. ಆದ್ದರಿಂದ ಬೇಡವಾದವನ್ನು ಹೆಸರು ಹಿಡಿದೇ ಹೇಳಿಸಿ: ಮಾಂಸ, ಮೀನು, ‘ನುವಕ್ ಮಾಮ್’ ಎಂಬ ಮೀನಿನ ಸಾಸ್, ‘ಮೋ ಲೋನ್’ ಎಂಬ ಹಂದಿ ಕೊಬ್ಬು. ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ‘ಹಾತ್ ನೆಮ್’ ಎಂಬ ರುಚಿಪುಡಿ. ನೋಡಲು ಉಪ್ಪಿನ ಹರಳಿನಂತಿರುತ್ತದೆ, ಸಾಮಾನ್ಯವಾಗಿ ಹಂದಿ ಮೂಳೆಯ ಸಾರದಿಂದ ಮಾಡಿರುತ್ತಾರೆ, ಸೊಪ್ಪಿನ ಪಲ್ಯಕ್ಕೂ ಉದುರಿಸುತ್ತಾರೆ. ‘ಎಣ್ಣೆ ಮತ್ತು ಉಪ್ಪು ಮಾತ್ರ’ ಎಂದು ಹೇಳಿಸಿದರೆ ಗೊಂದಲ ತಪ್ಪುತ್ತದೆ. ಅನ್ನ, ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೀಮೆಬದನೆಯ ಎಳೆ ಕುಡಿ ಸುಲಭವಾಗಿ ಸಿಗುತ್ತವೆ. ಸಾ ಪಾ ಕಡೆಯ ಸೀಮೆಬದನೆ ಬಹಳ ಹೆಸರುವಾಸಿ. ನಮ್ಮಿಂದ ಒಯ್ದ ಅವಲಕ್ಕಿ, ಚಟ್ನಿಪುಡಿ ದಾರಿಗೆ ಇರಲಿ. ಮನೆಯ ಊಟವನ್ನೇ ಬಿಟ್ಟು ಅದನ್ನು ತಿಂದರೆ ಅಡುಗೆ ಮಾಡಿದವರ ಆದಾಯವೂ ಹೋಯಿತು, ಮನಸ್ಸೂ ನೊಂದಿತು. ಮಾಂಸ ಬೇಡವೆಂದು ಊಟದ ದರ ಇಳಿಸಲೂ ಕೇಳಬೇಡಿ.

ಮೆಕ್ಕೆಜೋಳದ ಮದ್ಯ ಬಂದಾಗ ಮೊದಲ ಸುತ್ತಿಗೇ ‘ಇಲ್ಲ’ ಎನ್ನಿ, ಬದಲಿಗೆ ಚಹಾದ ಬಟ್ಟಲು ಎತ್ತಿ ಜೊತೆಗೂಡಿ. ಒಂದು ಸುತ್ತು ಕುಡಿದು ಎರಡನೆಯದಕ್ಕೆ ನಿರಾಕರಿಸುವುದೇ ಕಷ್ಟ.

ಪ್ರಶ್ನೆ: ಮನೆಯೊಳಗೆ ಹೇಗೆ ನಡೆದುಕೊಳ್ಳಬೇಕು?

ಬಾಗಿಲಿಗೋ ಊರಿನ ದಾರಿಗೋ ಹಸಿ ಸೊಪ್ಪಿನ ಕೊಂಬೆ ಕಟ್ಟಿದ್ದರೆ ಒಳಗೆ ಹೋಗಬೇಡಿ. ಹೆರಿಗೆಯೋ ಕಾಯಿಲೆಯೋ ಪೂಜೆಯೋ ಆಗಿ ಹೊರಗಿನವರಿಗೆ ಪ್ರವೇಶವಿಲ್ಲವೆಂಬ ಗುರುತು ಅದು. ಮನೆ ಕಾದಿರಿಸಿದ್ದೀರೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹ್ಮಾಂಗ್ ಮನೆಯ ಮುಖ್ಯ ಬಾಗಿಲಿಗೆ ಎದುರಿನ ಗೋಡೆಯಲ್ಲಿ ಕೋಳಿ ಪುಕ್ಕ ಅಂಟಿಸಿದ ಕಾಗದ ಕಂಡರೆ ಅದು ದೇವರ ಜಾಗ. ಅಲ್ಲಿ ಚೀಲ ಇಡುವುದು, ಬಟ್ಟೆ ಒಣಹಾಕುವುದು ಬೇಡ, ನಡುಗಂಬಕ್ಕೆ ಒರಗಲೂ ಬೇಡ. ಮಾಯ್ ಚಾವ್‌ನ ಥಾಯ್ ಜನರ ಕಂಬದ ಮೇಲಿನ ಮನೆಗಳಲ್ಲಿ ಮೆಟ್ಟಿಲ ಬಳಿಯೇ ಚಪ್ಪಲಿ ಬಿಡಿ, ಯಾವ ಕಡೆ ತಲೆ ಹಾಕಿ ಮಲಗಬೇಕೆಂದು ಅವರನ್ನೇ ಕೇಳಿ. ಮದುವೆ, ದೇವರು ಬರುವುದು, ದೀಕ್ಷೆ ಇವನ್ನು ‘ನಮಗಾಗಿ ಮಾಡಿ ತೋರಿಸಿ’ ಎನ್ನುವುದು ಸಲ್ಲದು. ‘ಮ್ಯೆವ್’ ಎಂಬ ಹಳೆಯ ಹೆಸರನ್ನು ಎಲ್ಲಾದರೂ ಓದಿದ್ದರೆ ಬಳಸಬೇಡಿ. ಹ್ಮಾಂಗ್ ಜನರಿಗೆ ಅದು ಅವಮಾನದ ಮಾತು.

ಪ್ರಶ್ನೆ: ಹ್ಮಾಂಗ್ ನೀಲಿ ಬಟ್ಟೆ ಕೊಳ್ಳಬೇಕು. ಕೈಯಲ್ಲಿ ಮಾಡಿದ್ದೋ ಯಂತ್ರದ್ದೋ ಹೇಗೆ ಗೊತ್ತಾಗುತ್ತದೆ?

ಬಟ್ಟೆಯನ್ನು ತಿರುಗಿಸಿ ನೋಡಿ. ಜೇನುಮೇಣದಲ್ಲಿ ಚಿತ್ರ ಬರೆದು ನೀಲಿಯಲ್ಲಿ ಅದ್ದಿದ್ದರೆ ಹಿಂಬದಿಯಲ್ಲೂ ಬಣ್ಣ ಇಳಿದಿರುತ್ತದೆ, ಮೇಣ ಬಿರಿದ ಕಡೆ ಕೂದಲೆಳೆಯಂಥ ನೀಲಿ ಗೆರೆಗಳಿರುತ್ತವೆ, ಒಂದು ಚಿತ್ತಾರ ಇನ್ನೊಂದರ ತದ್ರೂಪ ಆಗಿರುವುದಿಲ್ಲ. ಅಚ್ಚಾದದ್ದಾದರೆ ಹಿಂಬದಿ ಬಿಳಿಚಿಕೊಂಡಿರುತ್ತದೆ. ಒದ್ದೆ ಬೆರಳಿನಿಂದ ಉಜ್ಜಿದರೆ ಹೊಸ ನೀಲಿ ಬಣ್ಣ ಸ್ವಲ್ಪ ಅಂಟುತ್ತದೆ. ಅದು ದೋಷವಲ್ಲ, ಮೊದಲ ಕೆಲವು ಒಗೆತ ತಣ್ಣೀರಿನಲ್ಲಿ ಬೇರೆಯಾಗಿಯೇ ಆಗಲಿ.

ಹೆಂಪ್ ಎಂಬ ಗಿಡದ ನಾರಿನ ಬಟ್ಟೆ ಕೈಗೆ ಒರಟು, ಎಳೆಗಳ ದಪ್ಪ ಒಂದೇ ಸಮ ಇರುವುದಿಲ್ಲ. ಗಿಡ ಕೊಯ್ದು ಒಣಗಿಸಿ ನಾರು ಸುಲಿಯಬೇಕು, ಕುಟ್ಟಿ ಮೆದು ಮಾಡಬೇಕು, ತುದಿಗೆ ತುದಿ ಸೇರಿಸಿ ನೂಲಬೇಕು, ಬೂದಿನೀರಿನಲ್ಲಿ ಕುದಿಸಿ ಬಿಳಿ ಮಾಡಿ ನೇಯಬೇಕು, ಆಮೇಲೆ ನೀಲಿಯಲ್ಲಿ ಅದ್ದಿ ಒಣಗಿಸುವುದನ್ನು ಮತ್ತೆ ಮತ್ತೆ ಮಾಡಬೇಕು. ಇಷ್ಟು ತಿಂಗಳ ಕೆಲಸದ ಲಂಗ ಹತ್ತಿ ಟೀಶರ್ಟಿನ ಬೆಲೆಗೆ ಸಿಕ್ಕರೆ ಅದು ಕೈಯದ್ದಲ್ಲ. ಬೆಲೆ ಹೆಚ್ಚೆನಿಸಿದರೆ ಚೌಕಾಸಿಯ ಬದಲು ಚಿಕ್ಕ ತುಂಡು ಕೊಳ್ಳಿ. ಹಾ ಝಾಂಗ್ ಕಡೆ ಹೋಗುವವರಿಗೆ ಲುಂಗ್ ತಾಮ್‌ನ ಹೆಂಗಸರ ಸಹಕಾರ ಸಂಘದಲ್ಲಿ ನೂಲುವುದರಿಂದ ಅದ್ದುವವರೆಗಿನ ಕೆಲಸ ಕಣ್ಣೆದುರೇ ಸಿಗುತ್ತದೆ, ಮಾಡಿದವರ ಕೈಯಿಂದಲೇ ಕೊಳ್ಳಬಹುದು.