ತಲೆಯೆತ್ತಿದರೆ ವಿಗ್ ಜಾರುತ್ತದೆ!
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಊರ ಹಬ್ಬಕ್ಕೆ ಪೌರಾಣಿಕ ನಾಟಕ ಕಲಿಯುತ್ತಿದ್ದೇವೆ, ನನ್ನದು ದುರ್ಯೋಧನ. ಡ್ರಾಮಾ ಸೀನರಿಯವರು ತರುವ ವಿಗ್ ಬಿಗಿಯಾಗಿಯೇ ಕೂರುತ್ತದೆ. ಆದರೆ ಆಲಾಪಕ್ಕೆ ತಲೆಯೆತ್ತಿದ ಕೂಡಲೇ ಹಿಂದಕ್ಕೆ ಸರಿಯುತ್ತದೆ. ಕಿರೀಟ ಕಟ್ಟಿದ ಮೇಲಂತೂ ಒಂದು ಕೈ ತಲೆಯ ಮೇಲೇ ಇರಬೇಕು. ಏನು ಮಾಡಲಿ?
— ಕಲಾವಿದ, ನಾಗಮಂಗಲ

ಉತ್ತರ: ಎಣ್ಣೆಗೂದಲು, ಅದರ ಮೇಲೆ ನೈಲಾನ್ ಕ್ಯಾಪ್, ಅದರ ಮೇಲೆ ನೈಲಾನ್ ಜಾಲರಿಯ ವಿಗ್. ಮೂರೂ ನುಣುಪು, ಜಾರದೆ ಇನ್ನೇನು? ಹಿಂದಿನ ಇಲಾಸ್ಟಿಕ್ಕನ್ನು ಇನ್ನಷ್ಟು ಬಿಗಿದರೆ ಕೆಲಸ ಕೆಡುತ್ತದೆ. ತಲೆ ಮೇಲಕ್ಕೆ ಹೋದಂತೆ ಕಿರಿದಾಗುವುದರಿಂದ ಬಿಗಿ ಹೆಚ್ಚಾದಷ್ಟೂ ವಿಗ್ ಮೇಲಕ್ಕೇ ಹತ್ತುತ್ತದೆ, ತಲೆನೋವು ಬೇರೆ.

ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿ ಪೂರ್ತಿ ಒಣಗಿಸಿ, ಎಣ್ಣೆ ಮುಟ್ಟಬೇಡಿ. ಕೂದಲು ಎರಡು ಮೂರು ಅಂಗುಲವಾದರೂ ಇದ್ದರೆ ಐದು ಕಡೆ ಸುರುಳಿ ಮಾಡಿಕೊಳ್ಳಿ: ಹಣೆಯಂಚಿನಿಂದ ಒಂದಂಗುಲ ಹಿಂದೆ ನಡುವಿನಲ್ಲಿ ಒಂದು, ಎರಡು ಕಣತಲೆಗಳ ಮೇಲೆ ಒಂದೊಂದು, ಕಿವಿಗಳ ಹಿಂದೆ ಒಂದೊಂದು. ಒಂದಂಗುಲ ಚೌಕದಷ್ಟು ಕೂದಲನ್ನು ಬೆರಳಿಗೆ ಸುತ್ತಿ, ಬುಡಕ್ಕೆ ನಾಣ್ಯದಂತೆ ಚಪ್ಪಟೆಯಾಗಿ ಒತ್ತಿ, ಎರಡು ಹೇರ್‌ಪಿನ್ನುಗಳನ್ನು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಚುಚ್ಚಿ. ಪಿನ್ನಿನ ಅಲೆಅಲೆಯಾದ ಕಾಲು ತಲೆಯ ಕಡೆಗಿರಬೇಕು. ಅನುಭವಸ್ಥರೂ ಇದನ್ನು ತಿರುಗಾಮುರುಗಾ ಹಾಕುವುದುಂಟು. ಆಮೇಲೆ ಕ್ಯಾಪ್.

ವಿಗ್ಗಿನ ಮುಂಭಾಗವನ್ನು ನಿಮ್ಮದೇ ಕೂದಲಿನ ಅಂಚಿಗೆ, ಅಂದರೆ ಹುಬ್ಬಿನಿಂದ ಸುಮಾರು ನಾಲ್ಕು ಬೆರಳು ಮೇಲೆ ಇಡಿ. ಅಲ್ಲಿ ಒಬ್ಬರು ಒತ್ತಿ ಹಿಡಿದಿರಲಿ, ನೀವು ಹಿಂದಿನ ಅಂಚನ್ನು ಹೆಕ್ಕತ್ತಿನವರೆಗೆ ಎಳೆದುಕೊಳ್ಳಿ. ಹುಬ್ಬಿನ ಹತ್ತಿರ ಇಟ್ಟು ಆಮೇಲೆ ಹಿಂದಕ್ಕೆ ಸರಿಸಿದರೆ ಒಳಗಿನ ಕ್ಯಾಪ್ ಸುಕ್ಕುಗಟ್ಟುತ್ತದೆ. ನೇರವಾಗಿದೆಯೇ ಎಂದು ನೋಡಲು ಬೈತಲೆಯನ್ನು ನಂಬಬೇಡಿ, ಹಳೆಯ ವಿಗ್ಗುಗಳಲ್ಲಿ ಅದು ಸೊಟ್ಟಗಿರಬಹುದು. ಕಿವಿಯ ಮುಂದಿನ ಎರಡು ಪಟ್ಟಿಗಳನ್ನು ತಡವಿ ನೋಡಿ, ಒಂದೇ ಎತ್ತರಕ್ಕೆ ಸಿಗಬೇಕು.

ಈಗ ಯೂ ಪಿನ್ನು. ಎಲ್ಲರೂ ತಪ್ಪುವುದು ಇಲ್ಲಿಯೇ. ಮುಂದಿನ ಪಿನ್ನುಗಳನ್ನು ವಿಗ್ಗಿನ ಪಟ್ಟಿಯನ್ನೂ ಕೆಳಗಿನ ಸುರುಳಿಯನ್ನೂ ಒಟ್ಟಿಗೆ ಹಿಡಿಯುವಂತೆ, ಮೊನೆ ಹಿಂದಕ್ಕೆ ಮುಖ ಮಾಡಿ ತೂರಿಸಿ. ವಿಗ್ ಹಿಂದಕ್ಕೆ ಜಗ್ಗಿದಷ್ಟೂ ಪಿನ್ನು ಸುರುಳಿಯೊಳಗೆ ಇಳಿಯುತ್ತದೆ. ಮೊನೆ ಮುಂದಕ್ಕಿದ್ದರೆ ಅದೇ ಜಗ್ಗಾಟಕ್ಕೆ ಕಳಚಿ ಬರುತ್ತದೆ. ಕಿವಿಯ ಹಿಂದೆ ಮೊನೆ ಮೇಲಕ್ಕಿರಲಿ.

ಜೋರಾಗಿ ತಲೆ ಕೊಡವಿ ನೋಡಿ, ಆಮೇಲಷ್ಟೇ ಕಿರೀಟ. ಅದರ ಲಾಡಿಯನ್ನು ವಿಗ್ಗಿನ ಕೂದಲ ಕೆಳಗಿಂದ ತಂದು ಹಿಂದಲೆಯ ಉಬ್ಬಿನ ಕೆಳಗೆ ಕಟ್ಟಿ. ಉಬ್ಬಿನ ಮೇಲೆ ಕಟ್ಟಿದರೆ ಲಾಡಿ ಜಾರಿ, ಕಿರೀಟ ವಿಗ್ಗನ್ನೂ ಎಳೆದುಕೊಂಡೇ ಹೋಗುತ್ತದೆ. ಒಳಗೆ ಸಡಿಲವಿದ್ದರೆ ಸ್ಪಂಜಿನ ಪಟ್ಟಿ ಇಡಿ.

ಪ್ರಶ್ನೆ: ದ್ರೌಪದಿ ಪಾತ್ರಕ್ಕೆ ಮಂಡಿಯುದ್ದದ ಬಿಚ್ಚುಗೂದಲಿನ ವಿಗ್. ನನ್ನ ಕೂದಲು ಬೆನ್ನಿನವರೆಗಿದೆ, ತುರುಬು ಕಟ್ಟಿದರೆ ಒಳಗೆ ಗುಡ್ಡೆಯಂತೆ ಕಾಣುತ್ತದೆ. ದುಶ್ಶಾಸನ ಮುಡಿ ಹಿಡಿದೆಳೆಯುವಾಗ ಕಿತ್ತು ಬಂದರೆ ಗತಿ?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ತುರುಬು ಬೇಡ. ಎರಡು ಜಡೆ ಹೆಣೆದು, ಹಿಂದೆ ಒಂದಕ್ಕೊಂದು ಅಡ್ಡ ಹಾಯಿಸಿ, ತಲೆಯ ಸುತ್ತ ಚಪ್ಪಟೆಯಾಗಿ ತಂದು ಪಿನ್ ಮಾಡಿ. ಆ ಜಡೆಗಳೇ ಯೂ ಪಿನ್ನಿಗೆ ಒಳ್ಳೆಯ ಹಿಡಿತ.

ಎಳೆಯುವ ದೃಶ್ಯಕ್ಕೆ ಪಿನ್ನನ್ನು ನೆಚ್ಚಿಕೊಳ್ಳಬೇಡಿ, ಎಷ್ಟು ಚುಚ್ಚಿದರೂ ನಿಜವಾದ ಎಳೆತಕ್ಕೆ ನಿಲ್ಲದು. ದುಶ್ಶಾಸನ ನಿಮ್ಮ ನೆತ್ತಿಯ ಮೇಲೆ ಮುಷ್ಟಿ ಕಟ್ಟಿ ಇಡುತ್ತಾನೆ, ಅಷ್ಟೆ. ನೀವು ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು ತಲೆಗೆ ಒತ್ತಿಕೊಳ್ಳುತ್ತೀರಿ. ನಡೆಯುವವರು, ಬೀಳುವವರು ನೀವು, ಅವನು ಹಿಂಬಾಲಿಸುತ್ತಾನೆ. ನೋಡುವವರಿಗೆ ದರದರ ಎಳೆದಂತೆಯೇ ಕಾಣುತ್ತದೆ. ಮೊದಲು ವಿಗ್ ಇಲ್ಲದೆ ಅಭ್ಯಾಸ ಮಾಡಿ. ಮಂಡಿಯೂರುವ ಮುನ್ನ ಕೂದಲನ್ನು ಎದೆಯ ಮೇಲೆ ತಂದುಕೊಳ್ಳಿ, ಇಲ್ಲವಾದರೆ ನಿಮ್ಮ ಕಾಲೇ ತುಳಿಯುತ್ತದೆ.

ಪ್ರಶ್ನೆ: ತಲೆ ಪೂರ್ತಿ ಬೋಳು. ಮೀಸೆಗೆ ಹಚ್ಚುವ ಸ್ಪಿರಿಟ್ ಗಮ್ಮಿನಿಂದಲೇ ವಿಗ್ ಅಂಟಿಸಬಹುದೇ?
— ಶಕುನಿ ಪಾತ್ರಧಾರಿ, ಮದ್ದೂರು

ಉತ್ತರ: ಮುಂದಿನ ಅಂಚು ತೆಳು ಬಲೆಯದಾಗಿದ್ದರೆ ಅಲ್ಲಿಗೆ ಮಾತ್ರ ಸರಿ. ಬಾಡಿಗೆ ವಿಗ್ಗಿನ ದಪ್ಪ ಪಟ್ಟಿಗೆ ಗಮ್ ನಿಲ್ಲುವುದಿಲ್ಲ, ಪಟ್ಟಿಯೂ ಹಾಳು. ಔಷಧಿ ಅಂಗಡಿಯ ಎರಡಂಗುಲದ ಕ್ರೇಪ್ ಬ್ಯಾಂಡೇಜನ್ನು ಹಣೆಯಂಚಿನಿಂದ ಹೆಕ್ಕತ್ತಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಸೂಜಿದಾರದಿಂದ ಹೊಲಿಯಿರಿ. ವಿಗ್ಗನ್ನು ಈ ಪಟ್ಟಿಗೇ ಪಿನ್ ಮಾಡಿ, ಪಿನ್ನು ಎರಡು ಸುತ್ತಿನ ನಡುವೆಯೇ ಹಾಯಲಿ, ಚರ್ಮಕ್ಕೆ ತಾಗದು. ಬ್ಯಾಂಡೇಜ್ ಬೆವರನ್ನೂ ಹೀರುತ್ತದೆ. ಗಮ್ ಹಚ್ಚುವುದಾದರೆ ಒಂದು ದಿನ ಮೊದಲೇ ಮುಂಗೈ ಒಳಭಾಗಕ್ಕೆ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಹಚ್ಚಿದ ಕೂಡಲೇ ಅಂಟಿಸದೆ, ಬೆರಳಿಂದ ತಟ್ಟಿ ಜಿಗುಟಾದ ಮೇಲೆ ಒತ್ತಿ. ಫೆವಿಕ್ವಿಕ್ ಹತ್ತಿರವೂ ತರಬೇಡಿ.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಹನ್ನೆರಡು ಮಕ್ಕಳು, ನಾಲ್ಕೇ ವಿಗ್. ಹೇನಿನ ಭಯ. ಅಳತೆಯೂ ದೊಡ್ಡದು.
— ಶಿಕ್ಷಕಿ, ಅರಸೀಕೆರೆ

ಉತ್ತರ: ಪ್ರತಿ ಮಗುವಿಗೂ ಬೇರೆ ಕ್ಯಾಪ್ ಕೊಡಿ, ಬದಲಾಯಿಸುವಂತಿಲ್ಲ. ತಲೆಯಿಂದ ಬಿದ್ದ ಹೇನು ಎರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದ್ದರಿಂದ ವಿಗ್ಗುಗಳನ್ನು ಮೂರು ದಿನ ಮೊದಲೇ ತಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಸಡಿಲಕ್ಕೆ ಕತ್ತರಿ ಬೇಡ. ಹಿಂದಿನ ಅಂಚಿನಲ್ಲಿ ಒಂದು ಮಡಿಕೆ ಹಿಡಿದು ನಾಲ್ಕು ಹೊಲಿಗೆ ಹಾಕಿ, ಹಿಂದಿರುಗಿಸುವಾಗ ದಾರ ಎಳೆದರಾಯಿತು.