ಮಿಸ್ ವರ್ಲ್ಡ್, ಮಿಸ್ ಯೂನಿವರ್ಸ್ ಎಲ್ಲ ಮೊದಲೇ ಫಿಕ್ಸಾ? ಅಂಕ ಕೂಡಿಸಿದವನ ಉತ್ತರ

ನಿಮ್ಮ ಪ್ರಶ್ನೆ ಇದು: ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆಗಳು ನಿಜಕ್ಕೂ ಹೇಗೆ ನಡೆಯುತ್ತವೆ, ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆಯಾ? ಜೊತೆಗೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ನಿಮ್ಮ ತಂಗಿಗೆ ಪುಣೆಯ ಯಾವುದೋ ಸ್ಪರ್ಧೆಯಿಂದ ‘ಸೆಲೆಕ್ಟ್ ಆಗಿದ್ದೀರಿ’ ಅಂತ ಫೋನ್ ಬಂದಿದೆ, ತರಬೇತಿಗೆ ದುಡ್ಡು ಕಟ್ಟಬೇಕಂತೆ. ನಿಮ್ಮ ನಿಜವಾದ ಪ್ರಶ್ನೆ ಆ ಕೊನೆಯ ಸಾಲೇ ಅಂತ ನನಗೆ ಅನಿಸುತ್ತದೆ. ಅಲ್ಲಿಗೆ ಬರುತ್ತೇನೆ, ಸ್ವಲ್ಪ ಸುತ್ತಿ ಬರುತ್ತೇನೆ.

ನಾನು ಫ್ಯಾಷನ್ ಲೋಕದವನಲ್ಲ. ಊರು ಕುಂದಾಪುರದ ಕಡೆ, ಮನೆ ಮುಂಬೈ ಪಕ್ಕದ ಡೊಂಬಿವಲಿ, ಹೊಟ್ಟೆಪಾಡು ಲೆಕ್ಕಪತ್ರ. ಮುಂಬೈ ಫೋರ್ಟ್‌ನ ಒಂದು ಆಡಿಟರ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಓದುವವರ ಕಡ್ಡಾಯ ತರಬೇತಿ) ಮಾಡುತ್ತಿದ್ದಾಗ ಒಂದು ಶನಿವಾರ ನಮ್ಮ ಸರ್ ‘ನಾಳೆ ಸಂಜೆ ಸೂಟ್ ಹಾಕಿಕೊಂಡು ಜುಹೂಗೆ ಬಾ’ ಅಂದರು. ನನ್ನ ಹತ್ತಿರ ಸೂಟ್ ಎಲ್ಲಿತ್ತು! ಮಾಟುಂಗಾದಲ್ಲಿದ್ದ ದೊಡ್ಡಪ್ಪನ ಮಗನ ಮದುವೆ ಸೂಟ್ ಹಾಕಿಕೊಂಡು ಹೋದೆ, ತೋಳು ಎರಡಿಂಚು ಉದ್ದ. ಹೋಟೆಲಿನ ಹಾಲ್‌ನಲ್ಲಿ ನೋಡಿದರೆ ಸೌಂದರ್ಯ ಸ್ಪರ್ಧೆ. ನನ್ನ ಕೆಲಸ ವೇದಿಕೆಯ ಪಕ್ಕ ಪರದೆಯ ಹಿಂದೆ ಕೂತು ತೀರ್ಪುಗಾರರ ಚೀಟಿಗಳನ್ನು ಕೂಡಿಸುವುದು. ಆಮೇಲೆ ಹತ್ತು ಹದಿನೈದು ಕಡೆ ಈ ಕೆಲಸ ಮಾಡಿದೆ. ಮುಂಬೈ, ಪುಣೆ, ಎರಡು ಸಲ ಗೋವಾ. ಎಲ್ಲವೂ ನಗರಮಟ್ಟದ, ಕಾಲೇಜು ಮಟ್ಟದ ಸಣ್ಣ ಸ್ಪರ್ಧೆಗಳು. ಮಿಸ್ ವರ್ಲ್ಡ್ ವೇದಿಕೆಯ ಹಿಂದೆ ನಾನು ಕೂತಿಲ್ಲ, ಆದ್ದರಿಂದ ದೊಡ್ಡದರ ಬಗ್ಗೆ ಹೇಳುವುದೆಲ್ಲ ಓದಿ, ನೋಡಿ ತಿಳಿದದ್ದು.

ಆ ಕೆಲಸದಿಂದ ಒಂದು ಚಾಳಿ ಅಂಟಿಕೊಂಡಿತು. ಯಾವುದೇ ಸ್ಪರ್ಧೆ ನೋಡಿದರೂ ಕಿರೀಟಕ್ಕಿಂತ ಮೊದಲು ಜಮಾ ಕಾಲಂ ನೋಡುತ್ತೇನೆ. ದುಡ್ಡು ಯಾರಿಂದ ಬಂತು?

ಇತಿಹಾಸವನ್ನೂ ಹಾಗೇ ನೋಡಿ, ಬಹಳ ಬೇಗ ಅರ್ಥವಾಗುತ್ತದೆ. ಅಮೆರಿಕದ ಅಟ್ಲಾಂಟಿಕ್ ಸಿಟಿ ಸಮುದ್ರ ತೀರದ ಪ್ರವಾಸಿ ಊರು. ಸೆಪ್ಟೆಂಬರ್ ಶುರುವಾದರೆ ಜನ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದರು. ಅವರನ್ನು ಇನ್ನೂ ಕೆಲವು ದಿನ ಹಿಡಿದಿಟ್ಟುಕೊಳ್ಳಲು ಅಲ್ಲಿನ ವ್ಯಾಪಾರಿಗಳು 1921ರಲ್ಲಿ ಶುರು ಮಾಡಿದ ಉತ್ಸವವೇ ಮಿಸ್ ಅಮೆರಿಕಾ ಆಯಿತು. ಮೊದಲು ಗೆದ್ದ ಮಾರ್ಗರೆಟ್ ಗಾರ್ಮನ್‌ಗೆ ಆಗ 16 ವರ್ಷ. ಮುಂದೆ 1951ರ ಮಿಸ್ ಅಮೆರಿಕಾ ಯೋಲಾಂಡ್ ಬೆಟ್‌ಬೀಜ್ ‘ಈಜುಡುಗೆ ಹಾಕಿಕೊಂಡು ಊರೂರು ತಿರುಗುವುದಿಲ್ಲ’ ಅಂತ ಹಟ ಹಿಡಿದರು. ಪ್ರಾಯೋಜಕರಾಗಿದ್ದ ಕ್ಯಾಟಲಿನಾ ಈಜುಡುಗೆ ಕಂಪನಿಗೆ ಸಿಟ್ಟು ಬಂತು. ನಿಮ್ಮ ಸಹವಾಸವೇ ಬೇಡ ಅಂತ ಹೊರಬಂದು 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ತನ್ನದೇ ಸ್ಪರ್ಧೆ ಶುರು ಮಾಡಿತು. ಅದೇ ಮಿಸ್ ಯೂನಿವರ್ಸ್. ಇತ್ತ ಲಂಡನ್ನಿನಲ್ಲಿ ಒಂದು ವರ್ಷ ಮೊದಲೇ, ಡ್ಯಾನ್ಸ್ ಹಾಲ್‌ಗಳನ್ನು ನಡೆಸುತ್ತಿದ್ದ ಮೆಕ್ಕಾ ಕಂಪನಿಯ ಪ್ರಚಾರದ ಕೆಲಸ ನೋಡುತ್ತಿದ್ದ ಎರಿಕ್ ಮೋರ್ಲಿ, ಬ್ರಿಟನ್ನಿನ ಒಂದು ದೊಡ್ಡ ಉತ್ಸವದ ಹೊತ್ತಿಗೆ ಬಿಕಿನಿ ಸ್ಪರ್ಧೆ ಇಟ್ಟರು. ಪತ್ರಿಕೆಯವರು ಅದನ್ನು ಮಿಸ್ ವರ್ಲ್ಡ್ ಅಂತ ಕರೆದರು, ಹೆಸರು ನಿಂತುಬಿಟ್ಟಿತು. ಸ್ವೀಡನ್ನಿನ ಕಿಕಿ ಹಾಕನ್ಸನ್ ಬಿಕಿನಿಯಲ್ಲೇ ಕಿರೀಟ ತೊಟ್ಟರು. ಎರಿಕ್ 2000ದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಜೂಲಿಯಾ ಮೋರ್ಲಿ ಅದನ್ನು ನಡೆಸಿಕೊಂಡು ಬಂದರು.

ಲಾಡ್ಜ್, ಈಜುಡುಗೆ, ಡ್ಯಾನ್ಸ್ ಹಾಲ್. ಮೂರೂ ಕಡೆ ಏನೋ ಮಾರುವುದಿತ್ತು. ಆಮೇಲೆ ಸ್ಪರ್ಧೆಯೇ ಮಾರುವ ಸರಕಾಯಿತು. ಮಿಸ್ ಯೂನಿವರ್ಸ್ 1996ರಿಂದ 2015ರವರೆಗೆ ಡೊನಾಲ್ಡ್ ಟ್ರಂಪ್ ಕೈಯಲ್ಲಿತ್ತು. 2022ರಲ್ಲಿ ಥಾಯ್ಲೆಂಡಿನ ಜೆಕೆಎನ್ ಕಂಪನಿ ಅದನ್ನು 2 ಕೋಟಿ ಡಾಲರಿಗೆ ಕೊಂಡಿತು, ಮರುವರ್ಷವೇ ಸಾಲ ತೀರಿಸಲಾಗದೆ ಕೋರ್ಟ್ ಮೆಟ್ಟಿಲು ಹತ್ತಿತು. ನಮ್ಮ ಬೆಂಗಳೂರಿನ ಕತೆ ಗೊತ್ತಿರಬಹುದು. 1996ರ ನವೆಂಬರಿನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮಿಸ್ ವರ್ಲ್ಡ್ ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ರೈತ ಸಂಘದಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ಎಲ್ಲರೂ ಬೀದಿಗಿಳಿದರು. ಮಧುರೈನಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದರು, ಕಂಪನಿ ನಷ್ಟದಲ್ಲಿ ಮುಳುಗಿತು. ಈ ವ್ಯಾಪಾರದಲ್ಲಿ ಗಲ್ಲಾಪೆಟ್ಟಿಗೆ ಯಾವಾಗಲೂ ತುಂಬುತ್ತದೆ ಅಂತಲೂ ತಿಳಿಯಬೇಡಿ.

ಇನ್ನು ವ್ಯವಸ್ಥೆ. ಇದು ನಮ್ಮಲ್ಲಿ ಹೋಟೆಲ್ ಬ್ರ್ಯಾಂಡಿನ ಫ್ರಾಂಚೈಸಿ ಕೊಟ್ಟ ಹಾಗೆ. ಹೆಸರು ಮೇಲಿನವರದ್ದು. ಪ್ರತಿ ದೇಶದಲ್ಲಿ ಒಬ್ಬರು ಲೈಸೆನ್ಸ್ ಪಡೆದು, ತಮ್ಮ ಖರ್ಚಿನಲ್ಲಿ ರಾಷ್ಟ್ರೀಯ ಸ್ಪರ್ಧೆ ಮಾಡಿ, ಗೆದ್ದವರನ್ನು ಕಳಿಸುತ್ತಾರೆ. ನಮ್ಮಲ್ಲಿ 1964ರಿಂದ ಟೈಮ್ಸ್ ಬಳಗದ ಫೆಮಿನಾ ಮಿಸ್ ಇಂಡಿಯಾ ಇದೆ. ಫೈನಲ್ ನಡೆಯುವ ದೇಶದ ಸರ್ಕಾರವೋ ಪ್ರವಾಸೋದ್ಯಮ ಇಲಾಖೆಯೋ ಕೈಜೋಡಿಸುವುದುಂಟು, 2025ರಲ್ಲಿ ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರ ಮಾಡಿದಂತೆ. ಟಿವಿಯಲ್ಲಿ ನೀವು ನೋಡುವುದು ಕೊನೆಯ ಎರಡು ಮೂರು ಗಂಟೆ ಮಾತ್ರ. ಅದಕ್ಕೆ ಮೊದಲು ಸಂದರ್ಶನ, ಪ್ರಾಥಮಿಕ ಸುತ್ತು ಎಲ್ಲ ಮುಗಿದಿರುತ್ತದೆ. ಮಿಸ್ ವರ್ಲ್ಡ್‌ನಲ್ಲಂತೂ ಕ್ರೀಡೆ, ಪ್ರತಿಭೆ, ಸಮಾಜಸೇವೆ ಅಂತ ಪ್ರತ್ಯೇಕ ಸುತ್ತುಗಳಿವೆ, ಅವುಗಳಲ್ಲಿ ಗೆದ್ದವರು ಸಾಲು ತಪ್ಪಿಸಿ ನೇರ ಮುಂದಕ್ಕೆ ಹೋಗುತ್ತಾರೆ. ಈಜುಡುಗೆ ಸುತ್ತನ್ನು ಅವರು 2015ರಿಂದ ಬಿಟ್ಟರು. ಮಿಸ್ ಯೂನಿವರ್ಸ್ ಬಿಟ್ಟಿಲ್ಲ.

ಜನಕ್ಕೆ ಗೊತ್ತಾಗದ ಇನ್ನೊಂದು ಲೆಕ್ಕ ಇದೆ. 2024ರ ಮಾರ್ಚ್ 9ರಂದು ಮಿಸ್ ವರ್ಲ್ಡ್ ಇದೇ ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆಯಿತು. ಭಾರತದ ಪರ ನಿಂತವರು ಸಿನಿ ಶೆಟ್ಟಿ. ಹುಟ್ಟಿ ಬೆಳೆದದ್ದು ಮುಂಬೈ, ಮೂಲ ಕರಾವಳಿ ಕಡೆ, ಮಿಸ್ ಇಂಡಿಯಾದಲ್ಲಿ ಕರ್ನಾಟಕದ ಹೆಸರಲ್ಲಿ ಗೆದ್ದವರು. ನಮ್ಮ ಕಡೆಯ ಹೋಟೆಲುಗಳಲ್ಲಿ ಅವತ್ತು ಐಪಿಎಲ್ ಫೈನಲ್ ಥರ ವಾತಾವರಣ! ಅವರು ಕೊನೆಯ ಎಂಟಕ್ಕೆ ಬಂದರು, ನಾಲ್ಕಕ್ಕೆ ಬರಲಿಲ್ಲ. ‘ಮೋಸ’ ಅಂತ ಪಕ್ಕದ ಟೇಬಲ್ಲಿನವರು ಚಹಾ ಕಪ್ ಕುಕ್ಕಿದರು. ಮೋಸ ಅಲ್ಲ ಮಾರಾಯ್ರೇ. ಅಲ್ಲಿ ಜಗತ್ತನ್ನು ನಾಲ್ಕು ವಲಯ ಮಾಡಿದ್ದರು. ಎಂಟರಲ್ಲಿ ವಲಯಕ್ಕೆ ಇಬ್ಬರು, ನಾಲ್ಕರಲ್ಲಿ ಒಬ್ಬರು. ಏಷ್ಯಾ ವಲಯದಿಂದ ಭಾರತ ಮತ್ತು ಲೆಬನಾನ್ ಉಳಿದಿದ್ದವು. ಲೆಬನಾನಿನ ಯಾಸ್ಮಿನಾ ಜೈತೂನ್ ಮುಂದೆ ಹೋದರು, ಎರಡನೇ ಸ್ಥಾನವನ್ನೂ ಪಡೆದರು. ಗೆದ್ದವರು ಜೆಕ್ ದೇಶದ ಕ್ರಿಸ್ಟಿನಾ ಪಿಶ್ಕೋವಾ. ಅಂದರೆ ಸಿನಿ ಅವರು ಆ ಹಂತದಲ್ಲಿ ಇಡೀ ಜಗತ್ತಿನ ಎದುರು ಸೋತದ್ದಲ್ಲ, ಒಬ್ಬರ ಎದುರು. ಇಂಥ ನಿಯಮ ಗೊತ್ತಿಲ್ಲದಿದ್ದರೆ ಎಲ್ಲವೂ ಫಿಕ್ಸ್ ಅನಿಸುವುದು ಸಹಜ.

ಹಾಗಾದರೆ ಫಿಕ್ಸಿಂಗ್ ಇಲ್ಲವೇ ಇಲ್ಲವಾ? ನಮ್ಮವರ ಮೆಚ್ಚಿನ ವಾದ ಒಂದಿದೆ. 1991ರಲ್ಲಿ ಮಾರುಕಟ್ಟೆ ತೆರೆಯಿತು, ಕ್ರೀಮು ಶಾಂಪೂ ಮಾರಲು ವಿದೇಶಿ ಕಂಪನಿಗಳು ಬಂದವು, ಅದಕ್ಕೇ 1994ರಿಂದ 2000ದ ಒಳಗೆ ನಮಗೆ ಆರು ಕಿರೀಟ ಕೊಟ್ಟರು ಅಂತ. ಸುಶ್ಮಿತಾ ಸೇನ್, ಐಶ್ವರ್ಯಾ ರೈ, ಡಯಾನಾ ಹೇಡನ್, ಯುಕ್ತಾ ಮುಖಿ, ಲಾರಾ ದತ್ತಾ, ಪ್ರಿಯಾಂಕಾ ಚೋಪ್ರಾ. ಕಾಲ ಹೊಂದುತ್ತದೆ, ಅದು ನಿಜ. ಆದರೆ ವೆನೆಜುವೆಲಾ ನೋಡಿ. ನಮ್ಮ ಹತ್ತಿರಕ್ಕೂ ಬಾರದ ಸಣ್ಣ ಮಾರುಕಟ್ಟೆ. ಏಳು ಮಿಸ್ ಯೂನಿವರ್ಸ್, ಆರು ಮಿಸ್ ವರ್ಲ್ಡ್. ಅಲ್ಲಿ ಅದೊಂದು ರಾಷ್ಟ್ರೀಯ ಹುಚ್ಚು, ನಮ್ಮ ಕೋಚಿಂಗ್ ಕ್ಲಾಸಿನ ಥರ ಹುಡುಗಿಯರನ್ನು ತಯಾರು ಮಾಡುತ್ತಾರೆ. 90ರ ದಶಕದಲ್ಲಿ ಮುಂಬೈನಲ್ಲೂ ಅದೇ ಆಯಿತು. ಮಾತಿಗೊಬ್ಬರು, ನಡಿಗೆಗೊಬ್ಬರು, ಚರ್ಮಕ್ಕೊಬ್ಬ ಡಾಕ್ಟರ್. ಮಾರುಕಟ್ಟೆ ಬಾಗಿಲು ತೆರೆದಿರಬಹುದು, ಒಳಗೆ ನಡೆದು ಹೋಗಲು ತಯಾರಿ ಇತ್ತು ಅಂತ ನನ್ನ ಎಣಿಕೆ.

ಎಲ್ಲವೂ ಹಾಲಿನಲ್ಲಿ ತೊಳೆದಷ್ಟು ಶುದ್ಧ ಅಂತಲೂ ಹೇಳುವುದಿಲ್ಲ. 2025ರಲ್ಲಿ ಥಾಯ್ಲೆಂಡಿನ ಮಿಸ್ ಯೂನಿವರ್ಸ್ ಫೈನಲ್ಲಿಗೆ ಕೆಲವೇ ದಿನ ಮೊದಲು ಒಬ್ಬ ತೀರ್ಪುಗಾರರು, ಗುಟ್ಟಾಗಿ ಬೇರೆಯವರು ಕೂತು ಆಯ್ಕೆ ಮಾಡಿಬಿಟ್ಟಿದ್ದಾರೆ ಅಂತ ಆರೋಪಿಸಿ ಹೊರನಡೆದರು. ಸಂಘಟಕರು ಇಲ್ಲ ಅಂದರು. 90ರ ದಶಕದಲ್ಲಿ ಮಿಸ್ ಯೂನಿವರ್ಸ್‌ನವರು ಅಂಕಗಳನ್ನು ಟಿವಿ ಪರದೆಯ ಮೇಲೇ ತೋರಿಸುತ್ತಿದ್ದರು. ಆಮೇಲೆ ನಿಲ್ಲಿಸಿದರು. ಲೆಕ್ಕ ಬರೆಯುವವನಾಗಿ ನನಗೆ ಅದು ಇಷ್ಟವಾಗಲಿಲ್ಲ. ಮುಚ್ಚಿಟ್ಟ ಲೆಡ್ಜರ್ ಸರಿ ಇದ್ದರೂ ಅನುಮಾನ ಹುಟ್ಟುತ್ತದೆ.

ನಾನು ಕಣ್ಣಾರೆ ಕಂಡದ್ದು ಇನ್ನೂ ಚಿಲ್ಲರೆ. ಪುಣೆಯಲ್ಲಿ ಒಬ್ಬ ತೀರ್ಪುಗಾರರು ಹುಡುಗಿಯರು ವೇದಿಕೆಗೆ ಬರುವ ಮೊದಲೇ ಚೀಟಿ ತುಂಬಿ ಕೊಟ್ಟಿದ್ದರು, ಊಟಕ್ಕೆ ಹೋಗುವ ಅವಸರ. ಇನ್ನೊಬ್ಬರು ಒಬ್ಬಳಿಗೆ ಹತ್ತಕ್ಕೆ ಹತ್ತು, ಉಳಿದ ಎಲ್ಲರಿಗೂ ಎರಡು. ಅದಕ್ಕೇ ನಾವು ಅತಿ ಹೆಚ್ಚು, ಅತಿ ಕಡಿಮೆ ಅಂಕ ಎರಡನ್ನೂ ಬಿಟ್ಟು ಸರಾಸರಿ ತೆಗೆಯುತ್ತಿದ್ದೆವು. ಗೋವಾದ ಹೋಟೆಲಿನಲ್ಲಿ ಪ್ರಾಯೋಜಕರ ಕಡೆಯವನೊಬ್ಬ ಪರದೆಯ ಹಿಂದೆ ಬಂದು ‘ಏಳನೇ ನಂಬರ್ ನಮ್ಮ ಬ್ರ್ಯಾಂಡಿಗೆ ಚೆನ್ನಾಗಿ ಒಪ್ಪುತ್ತಾಳೆ, ನೋಡಿ ಸ್ವಲ್ಪ’ ಅಂದ. ನಮ್ಮ ಸರ್ ಕ್ಯಾಲ್ಕುಲೇಟರ್ ಅವನ ಕೈಗಿಟ್ಟು ‘ನೀವೇ ಕೂಡಿಸಿ, ಸಹಿಯನ್ನೂ ನೀವೇ ಹಾಕಿ’ ಅಂದರು. ಆಸಾಮಿ ನಾಪತ್ತೆ. ಏಳನೇ ನಂಬರ್ ಕೊನೆಗೆ ಮೂರನೆಯವಳಾಗಿ ಬಂದಳು, ತನ್ನ ಅಂಕದ ಮೇಲೇ.

ನನ್ನ ದೊಡ್ಡ ಭಯ ಮಾತ್ರ ಬೇರೆಯೇ ಇತ್ತು. ನಿರೂಪಕರಿಗೆ ಕೊಡುವ ಕಾರ್ಡ್. 2015ರಲ್ಲಿ ಮಿಸ್ ಯೂನಿವರ್ಸ್ ನಿರೂಪಕ ಸ್ಟೀವ್ ಹಾರ್ವಿ ಕೊಲಂಬಿಯಾದವರ ಹೆಸರು ಹೇಳಿ, ಕಿರೀಟ ಇಟ್ಟಾದ ಮೇಲೆ ಬಂದು ‘ತಪ್ಪಾಯಿತು, ಗೆದ್ದವರು ಫಿಲಿಪ್ಪೀನ್ಸ್’ ಅಂದರಲ್ಲ, ಆ ವಿಡಿಯೋ ನೋಡಿ ಜಗತ್ತೆಲ್ಲ ನಕ್ಕಿತು. ನನಗೆ ಬೆವರು ಬಂತು.

ರೀಟಾ ಫಾರಿಯಾ ಅವರ ವಿಷಯ ಹೇಳದೆ ಮುಂದೆ ಹೋಗಲಾರೆ. ಗೋವಾ ಮೂಲ, ಹುಟ್ಟಿದ್ದು ಮುಂಬೈ, ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ. 1966ರಲ್ಲಿ ಎರವಲು ಬಟ್ಟೆ, ಪೆಟ್ಟಿಗೆಯಲ್ಲಿ 3 ಪೌಂಡ್ ಇಟ್ಟುಕೊಂಡು ಲಂಡನ್ನಿಗೆ ಹೋಗಿ ಮಿಸ್ ವರ್ಲ್ಡ್ ಗೆದ್ದರು, ಆ ಸ್ಪರ್ಧೆಯಲ್ಲಿ ಏಷ್ಯಾಕ್ಕೇ ಮೊದಲ ಕಿರೀಟ. (ಎರವಲು ಸೂಟಿನವನಿಗೆ ಅವರ ಮೇಲೆ ಸ್ವಲ್ಪ ಜಾಸ್ತಿ ಅಭಿಮಾನ.) ಆಮೇಲೆ ಹಾಸ್ಯನಟ ಬಾಬ್ ಹೋಪ್ ತಂಡದ ಜೊತೆ ಅಮೆರಿಕನ್ ಸೈನಿಕರ ಮನರಂಜನೆಗೆ ವಿಯೆಟ್ನಾಂಗೆ ಹೋಗಬೇಕಾಯಿತು, ಇಲ್ಲಿ ಗಲಾಟೆ ಎದ್ದಿತು. ಗೆದ್ದವರ ಆ ಒಂದು ವರ್ಷ ಅವರದ್ದಲ್ಲ, ಕರಾರಿನದ್ದು. ವರ್ಷ ಮುಗಿಯಿತು, ಸಿನಿಮಾ ಗಿನಿಮಾ ಅನ್ನದೆ ಓದಿಗೆ ಮರಳಿ ಡಾಕ್ಟರ್ ಆದರು.

ಕರಾರು ಅಂದರೆ ನಿಯಮಗಳೂ ಸೇರಿದವು, ಅವು ಬೇಕಾದ ಹಾಗೆ ತಿರುಗುತ್ತವೆ. 1952ರ ಮೊದಲ ಮಿಸ್ ಯೂನಿವರ್ಸ್‌ನಲ್ಲಿ ಭಾರತದ ಪರ ನಿಂತ ನೃತ್ಯ ಕಲಾವಿದೆ ಇಂದ್ರಾಣಿ ರೆಹಮಾನ್‌ಗೆ ಆಗಲೇ ಮದುವೆಯಾಗಿ ಮಗುವಿತ್ತು. ಮುಂದೆ ಮದುವೆಯಾದವರಿಗೆ ಪ್ರವೇಶ ಇಲ್ಲ ಅಂತಾಯಿತು. 1974ರ ಮಿಸ್ ವರ್ಲ್ಡ್ ಹೆಲೆನ್ ಮಾರ್ಗನ್ ಮಗುವಿನ ತಾಯಿ ಅಂತ ಸುದ್ದಿಯಾಗಿ ನಾಲ್ಕೇ ದಿನದಲ್ಲಿ ಕಿರೀಟ ಬಿಟ್ಟರು. ಮಿಸ್ ಯೂನಿವರ್ಸ್ 2023ರಲ್ಲಿ ವಿವಾಹಿತರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು, 2024ರಿಂದ ಗರಿಷ್ಠ ವಯಸ್ಸಿನ ಮಿತಿಯೂ ಹೋಯಿತು. ಎಪ್ಪತ್ತು ವರ್ಷ ಸುತ್ತಿ ಇಂದ್ರಾಣಿ ನಿಂತಿದ್ದ ಜಾಗಕ್ಕೇ ಬಂದರು!

ಈಗ ನಿಮ್ಮ ತಂಗಿ. ನಾನು ಕೂತ ಸ್ಪರ್ಧೆಗಳಲ್ಲಿ ಎರಡು ಜಾತಿ ಇದ್ದವು. ಒಂದರಲ್ಲಿ ಜಮಾ ಕಾಲಂನಲ್ಲಿ ಪ್ರಾಯೋಜಕರು, ಟಿಕೆಟ್, ಜಾಹೀರಾತು. ಇನ್ನೊಂದರಲ್ಲಿ ಹುಡುಗಿಯರ ನೋಂದಣಿ ಶುಲ್ಕ, ಗ್ರೂಮಿಂಗ್ ಶುಲ್ಕ, ಫೋಟೋ ಶುಲ್ಕ, ಉಡುಪಿನ ಬಾಡಿಗೆ. ಎರಡನೆಯದರಲ್ಲಿ ಸ್ಪರ್ಧಿಯೇ ಗಿರಾಕಿ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲವಲ್ಲ, ಅದಕ್ಕೇ ಬೆಸ್ಟ್ ಸ್ಮೈಲ್, ಬೆಸ್ಟ್ ಹೇರ್, ಬೆಸ್ಟ್ ಸ್ಕಿನ್ ಅಂತ ಪ್ರತಿಯೊಬ್ಬರಿಗೂ ಒಂದು ಪಟ್ಟಿ ಹೆಗಲಿಗೆ. ಒಂದು ಸಲ ಮೂವತ್ತೊಂದು ಹುಡುಗಿಯರಿಗೆ ಮೂವತ್ತೊಂದು ಬಿರುದು ಎಣಿಸಿ ಕೊಟ್ಟಿದ್ದೇನೆ. ಅಂಕ ಕೂಡಿಸುವ ಕೆಲಸವೇ ಅಲ್ಲಿ ಇರಲಿಲ್ಲ, ಸುಮ್ನೆ ಕೂರಿಸಿದ್ದರು. ಹಾಲ್‌ನಲ್ಲಿ ಚಪ್ಪಾಳೆ ಹೊಡೆಯುತ್ತಿದ್ದವರು ಅಪ್ಪ ಅಮ್ಮಂದಿರೇ. ಅದೇ ನನ್ನ ಕೊನೆಯ ಸ್ಪರ್ಧೆ.

ಆದ್ದರಿಂದ ಫೋನ್ ಮಾಡಿದವರನ್ನು ಇಷ್ಟು ಕೇಳಿ. ಆಡಿಷನ್ ಯಾವಾಗ ಆಯಿತು? ತಂಗಿ ಹೋಗದೇ ಸೆಲೆಕ್ಟ್ ಆದದ್ದು ಹೇಗೆ? ಮಿಸ್ ಇಂಡಿಯಾ ಹೆಸರು ಹೇಳಿಕೊಂಡರೆ, ಮೂಲ ಸ್ಪರ್ಧೆಯ ಅಧಿಕೃತ ಪುಟದಲ್ಲಿ ಇವರ ಹೆಸರು ಇದೆಯಾ? ಕಟ್ಟಿದ ದುಡ್ಡಿಗೆ ಜಿಎಸ್‌ಟಿ ಇರುವ ಬಿಲ್ ಕೊಡುತ್ತಾರಾ? ಬಿಲ್ ಅಂದ ಕೂಡಲೇ ದನಿ ಬದಲಾದರೆ ಫೋನ್ ಇಡಿ. ತಂಗಿಯ ಫೋಟೋ, ಆಧಾರ್ ಪ್ರತಿ ಇನ್ನೂ ಕಳಿಸಿಲ್ಲದಿದ್ದರೆ ಸದ್ಯಕ್ಕೆ ಕಳಿಸಬೇಡಿ. ಅವಳನ್ನು ಬೈಯಬೇಡಿ ಕೂಡ. ಆಸೆ ಪಟ್ಟದ್ದರಲ್ಲಿ ತಪ್ಪಿಲ್ಲ, ನಿಜವಾದ ಆಡಿಷನ್ ಇದ್ದಾಗ ನೀವೇ ಜೊತೆಗೆ ಕರೆದುಕೊಂಡು ಹೋಗಿ.

ಅವರೇನಾದರೂ ಕರಾರು ಪತ್ರ ಕಳಿಸಿದರೆ, ಹೆಸರು ನಂಬರ್ ಎಲ್ಲ ಮುಚ್ಚಿ ಇಲ್ಲಿ ಕೆಳಗೆ ಹಾಕಿ. ಭಾನುವಾರ ಬಿಡುವಾಗಿರುತ್ತೇನೆ, ಓದಿ ಹೇಳುತ್ತೇನೆ.