ಗಿಣ್ಣು ಮತ್ತೆ ಹಾಲಾಗದು, ಕೋಶದೊಳಗೆ?

ಪ್ರಶ್ನೆ: ಗಿಣ್ಣು ಒಮ್ಮೆ ಬೆಂದು ಗಟ್ಟಿಯಾದರೆ ಮತ್ತೆ ಹಾಲಾಗುವುದಿಲ್ಲ, ಪ್ರೋಟೀನಿನ ಆಕಾರ ಕೆಡುವುದೇ ಕಾರಣ ಎಂದು ಓದಿದೆ. ಜೀವಕೋಶದೊಳಗೂ ಹೀಗಾಗುತ್ತದೆಯೇ? ಕೆಟ್ಟದ್ದು ಯಾವುದೆಂದು ಕೋಶಕ್ಕೆ ತಿಳಿಯುವುದು ಹೇಗೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಆಗುತ್ತದೆ. ಅದಕ್ಕೆ ಜ್ವರವೇ ಬರಬೇಕೆಂದಿಲ್ಲ, ಹೊಸದಾಗಿ ತಯಾರಾಗುವ ಪ್ರೋಟೀನ್‌ಗಳಲ್ಲೇ ಒಂದಷ್ಟು ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಆದರೆ ಕೋಶ ಪ್ರತಿ ಪ್ರೋಟೀನಿನ ನಕ್ಷೆ ಇಟ್ಟುಕೊಂಡು ತಾಳೆ ನೋಡುವುದಿಲ್ಲ. ಮುಖ್ಯವಾಗಿ ನೋಡುವುದು ಒಂದೇ ಗುರುತು. ಪ್ರೋಟೀನ್ ಎಳೆಯ ಮಣಿಗಳಾದ ಅಮೈನೋ ಆಮ್ಲಗಳಲ್ಲಿ ಕೆಲವು ಎಣ್ಣೆಯ ಸ್ವಭಾವದವು, ನೀರಿಗೆ ಆಗುವುದಿಲ್ಲ. ಮಡಿಕೆ ಸರಿಯಿದ್ದರೆ ಅವು ಬಹುಪಾಲು ಒಳಗೆ ಅಡಗಿರುತ್ತವೆ. ಹೊರಗೆ ಕಂಡವೋ, ಎಲ್ಲೋ ತಪ್ಪಿದೆ ಎಂದರ್ಥ. ಇಂಥ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿದರೆ ಗಿಣ್ಣಿನ ಹಾಗೆಯೇ ಗಡ್ಡೆಕಟ್ಟುತ್ತವೆ.

ಅಂಟುವ ಮೊದಲೇ ಎಚ್‌ಎಸ್‌ಪಿ70 ಎಂಬ ಸಹಾಯಕ ಪ್ರೋಟೀನ್ ಆ ಎಣ್ಣೆ ಭಾಗವನ್ನು ಹಿಡಿಯುತ್ತದೆ. (ಬಿಸಿ ತಾಗಿದಾಗ ಕೋಶ ಇದನ್ನು ಹೆಚ್ಚು ತಯಾರಿಸುತ್ತದೆ.) ಕೋಶದ ಇಂಧನವಾದ ಎಟಿಪಿ ಖರ್ಚುಮಾಡುತ್ತ ಹಿಡಿದು, ಬಿಟ್ಟು, ಮಡಚಿಕೊಳ್ಳಲು ಮತ್ತೆ ಮತ್ತೆ ಅವಕಾಶ ಕೊಡುತ್ತದೆ. ಎಷ್ಟು ಹೊತ್ತಾದರೂ ಸರಿಹೋಗದೆ ಅದರ ಹಿಡಿತದಲ್ಲೇ ಉಳಿದದ್ದಕ್ಕೆ ಚಿಪ್ ಎಂಬ ಕಿಣ್ವ ಯುಬಿಕ್ವಿಟಿನ್ ಅಂಟಿಸುತ್ತದೆ. ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಸಾಮಾನ್ಯವಾಗಿ ನಾಲ್ಕಾದರೂ ಕೊಂಡಿಯ ಸರಪಳಿಯಾದಾಗ ಅದು ವಿಲೇವಾರಿಯ ಚೀಟಿ. ಈ ಗುಟ್ಟು ಬಿಡಿಸಿದ ಸೀಚಾನೋವರ್, ಹರ್ಷ್‌ಕೋ, ರೋಸ್ ಅವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಬಂತು.

ಚೀಟಿ ಅಂಟಿದ್ದು ಹೋಗುವುದು ಪ್ರೋಟೀನ್ ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮ್‌ಗೆ. ತಲಾ 7 ಬಿಡಿಭಾಗಗಳ 4 ಬಳೆಗಳನ್ನು ಪೇರಿಸಿದ ಪೀಪಾಯಿಯಂತಿದೆ ಇದರ ನಡುಭಾಗ. ಕತ್ತರಿಸುವ ಹಲ್ಲುಗಳಿರುವುದು ಒಳಗಿನ ಎರಡು ಬಳೆಗಳಲ್ಲಿ ಮಾತ್ರ. ಎಂಥ ಚೆಂದದ ಏರ್ಪಾಡು! ಹಲ್ಲು ಹೊರಗಿದ್ದಿದ್ದರೆ ಒಳ್ಳೆಯ ಪ್ರೋಟೀನ್‌ಗಳೂ ತುಂಡಾಗುತ್ತಿದ್ದವು. ಬಾಯಿಯಂತೂ ಬಹಳ ಕಿರಿದು, ಮಡಚಿದ ಪ್ರೋಟೀನ್ ತೂರುವುದಿಲ್ಲ. ಪೀಪಾಯಿಯ ತುದಿಯಲ್ಲಿರುವ ಮುಚ್ಚಳದ ಬಳಿ ಯುಬಿಕ್ವಿಟಿನ್ ಕಳಚಿ ಮರುಬಳಕೆಗೆ ಹೋಗುತ್ತದೆ. ಪ್ರೋಟೀನ್ ಎಳೆಯಾಗಿ ಬಿಚ್ಚಿಕೊಂಡು ಒಳಸೇರಿ, ಸುಮಾರು 3ರಿಂದ 25 ಅಮೈನೋ ಆಮ್ಲಗಳ ಚೂರುಗಳಾಗಿ ಹೊರಬೀಳುತ್ತದೆ. ಬೇರೆ ಕಿಣ್ವಗಳು ಅವನ್ನು ಬಿಡಿ ಅಮೈನೋ ಆಮ್ಲಗಳಾಗಿಸುತ್ತವೆ.

ಪ್ರಶ್ನೆ: ಇಷ್ಟೆಲ್ಲ ವ್ಯವಸ್ಥೆಯಿದ್ದೂ ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನೊಳಗೆ ಪ್ರೋಟೀನ್ ಗಡ್ಡೆ ಉಳಿಯುವುದೇಕೆ?
— ಓದುಗರು, ಸಾಗರ

ಉತ್ತರ: ಪ್ರೋಟಿಯಾಸೋಮ್‌ಗೆ ಬಿಡಿ ಎಳೆಯೇ ಬೇಕು. ಈ ಕಾಯಿಲೆಯಲ್ಲಿ ಅಂಟಿಕೊಳ್ಳುವ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಗಡ್ಡೆಯಾದ ಮೇಲೆ, ಸಿಕ್ಕುಬಿದ್ದ ಬಾಳೆನಾರಿನ ಹಾಗೆ, ತುದಿ ಸಿಗುವುದಿಲ್ಲ. ಆಗ ಉಳಿಯುವ ದಾರಿ ಆಟೋಫೇಜಿ: ಗಡ್ಡೆಯನ್ನೇ ಎರಡು ಪದರದ ಚೀಲದಲ್ಲಿ ಸುತ್ತಿ ಕೋಶದ ಜೀರ್ಣಚೀಲವಾದ ಲೈಸೋಸೋಮ್‌ಗೆ ಒಯ್ದು ಕರಗಿಸುವುದು. ವಯಸ್ಸಾದಂತೆ ಈ ಕೆಲಸ ನಿಧಾನವಾಗುತ್ತದೆ. ವಿಭಜನೆಯಾಗುವ ಕೋಶದಲ್ಲಾದರೆ ಕಸ ಮರಿಕೋಶಗಳಿಗೆ ಹಂಚಿಹೋಗುತ್ತದೆ. ನರಕೋಶ ವಿಭಜನೆಯಾಗುವುದಿಲ್ಲ, ಸೇರಿದ್ದೆಲ್ಲ ಅಲ್ಲೇ.